ಇಸ್ತ್ರಿಪೆಟ್ಟಿಗೆಯ ಯಜಮಾನಿ

ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂದು ಬಹಳ ಹಿಂಜರಿದೆ. ಬೆಂದವಳು ಅವಳು, ಬರೆಯುತ್ತಿರುವವನು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಅಲ್ಲೇ ನಿಂತ್ಕಳೇ ಮುಂಡೇದೆ. ಕೋಟು ಸುಕ್ಕಾದ್ರೆ ನಿನ್ನ ಚರ್ಮಕ್ಕೆ ಇಸ್ತ್ರಿ ಹಾಕಿಸ್ತೀನಿ," ಎಂದ ಲಾಂಡ್ರಿಯ ಧಣಿ. ವಕೀಲರ ಕರಿಕೋಟನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, ಅಲ್ಲಿ ಇಸ್ತ್ರಿ ಹಾಕುವ ಅವಳು ಗೂಟದ ಹಾಗೆ ನಿಂತಳು. ಗೂಟದ ಮುಂದೆ ಗುಟ್ಟೇನು? ಧಣಿ, ವಕೀಲರು ಇಬ್ಬರೂ ಮಾತು ಮುಂದುವರಿಸಿದರು.

ಇಸ್ತ್ರಿಪೆಟ್ಟಿಗೆಗಳು ಯಾರವು ಎಂದು ವಕೀಲರು ಕೇಳಿದರು. ನಮ್ಮವೇ ಎಂದ ಧಣಿ. ಹಾಗಿದ್ದರೆ ಕೋರ್ಟು ಈ ಇಸ್ತ್ರಿಯವರನ್ನು ನಿಮ್ಮ ನೌಕರರೆಂದೇ ಹೇಳುತ್ತದೆ. ಪೆಟ್ಟಿಗೆ ಅವರದು, ಬರುವ ಹೋಗುವ ಹೊತ್ತು ಅವರಿಷ್ಟ, ಮೈಗೇನಾದರೂ ಆದರೆ ಹೊಣೆ ಅವರದು ಎಂದು ಬರೆಯೋಣ ಎಂದರು ವಕೀಲರು. ಬರೆದರಷ್ಟೇ ಸಾಲದು, ನಡೆಸುವುದೂ ಹಾಗೇ ನಡೆಸಬೇಕು ಎಂದೂ ಸೇರಿಸಿದರು.

"ಒಳಗೆ ಬಂದು ನೋಡೋರು ಯಾರು ಬಿಡಿ," ಎಂದು ಧಣಿ ನಕ್ಕ. ಆಮೇಲೆ ಅವಳತ್ತ ತಿರುಗಿ, ಇನ್ನು ನೀನು ಕೂಲಿಯಲ್ಲ, ಸ್ವತಂತ್ರ ಗುತ್ತಿಗೆದಾರಳು, ನಿನಗೆ ನೀನೇ ಯಜಮಾನಿ ಎಂದ.

ಎಲ್ಲ ಕೇಳಿಸಿಕೊಂಡೂ ಅವಳು ಆ ಕರಾರಿಗೆ ಹೆಬ್ಬೆಟ್ಟೊತ್ತಿದಳು. ಕಾರಣ ಅವಳ ವಾರಗಿತ್ತಿ.

ಇಬ್ಬರದೂ ಒಂದೇ ಮನೆ, ಒಂದೇ ಲಾಂಡ್ರಿ. ವಾರಗಿತ್ತಿ ಮೊದಲೇ ಸೇರಿ ಕಾಯಂ ಆದವಳು. ಹಬೆಯ ದೊಡ್ಡ ಪ್ರೆಸ್ಸು ಅವಳ ಕೈಯಲ್ಲಿತ್ತು, ಮೈಮೇಲೆ ನೀಲಿ ಏಪ್ರನ್ನು. ಫೋಟೋ ಇರುವ ಗುರುತಿನ ಕಾರ್ಡನ್ನು ಮನೆಯ ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದಳು. ತಲೆ ಬಾಚುವಾಗೆಲ್ಲ ಇವಳ ಮುಖದ ಪಕ್ಕ ಅವಳ ಮುಖ. ಹಿಂದೊಮ್ಮೆ ವಾರಗಿತ್ತಿಯ ಬೆರಳು ಸುಟ್ಟಾಗ ಕಂಪನಿಯೇ ಡಾಕ್ಟರಿಗೆ ತೋರಿಸಿ, ಸಂಬಳದ ರಜೆಯನ್ನೂ ಕೊಟ್ಟಿತ್ತು. ಅತ್ತೆ ಅವಳ ಮಂಚಕ್ಕೇ ಊಟ ಒಯ್ದಳು. ತನಗೂ ಒಂದು ಗಾಯವಾಗಬಾರದೇ ಎಂದು ಇವಳು ಒಲೆಯ ಮುಂದೆ ಕುದ್ದಿದ್ದಳು.

ಹೆಬ್ಬೆಟ್ಟಿನ ಮಸಿ ಆರುವ ಮುನ್ನವೇ ಮನೆಗೆ ಬಂದು ಹೇಳಿದಳು: "ಅಕ್ಕಾ, ನೀನಿನ್ನೂ ಆಳೇ. ನಾನು ಯಜಮಾನಿ."

"ಯಜಮಾನಮ್ಮನಿಗೆ ಏಪ್ರನ್ನು ಕೊಟ್ರಾ?" ಎಂದಳು ವಾರಗಿತ್ತಿ, ತಲೆ ಎತ್ತದೆ.

ಗಾಯ ಆಗಿಯೇ ಆಯಿತು. ಪೆಟ್ಟಿಗೆಯ ಹಿಡಿ ಸಡಿಲವಾಗಿದೆಯೆಂದು ಮೇಸ್ತ್ರಿಗೆ ಹೇಳಿ ಸಾಕಾಗಿ, ಅವಳು ಅದಕ್ಕೆ ಚಿಂದಿ ಸುತ್ತಿಕೊಂಡಿದ್ದಳು. ಒಂದು ದಿನ ಹಿಡಿ ಕಳಚಿ ಕಾದ ತಳ ಮುಂಗೈಗೆ ಅಂಟಿತು. ಬಿಡಿಸಿಕೊಳ್ಳುವಾಗ ಚರ್ಮವೂ ಬಂತು. ಮನೆಗೆ ಹೋಗುತ್ತೇನೆ ಎಂದಳು.

"ಪೆಟ್ಟಿಗೆ ನಿಂದು, ಸುಟ್ಕೊಂಡವಳೂ ನೀನು," ಎಂದ ಮೇಸ್ತ್ರಿ. "ಹೋಟೆಲಿನ ಲಾರಿ ಬರೋ ಹೊತ್ತು. ತಿಕ ಎತ್ತಿದ್ರೆ ನೋಡು."

ಎದುರಿನ ಪ್ರೆಸ್ಸಿನಿಂದ ವಾರಗಿತ್ತಿ ನೋಡುತ್ತಿದ್ದಳು. ಸುಟ್ಟ ಕೈಗಿಂತ ಆ ನೋಟ ಹೆಚ್ಚು ಉರಿಯಿತು. ಅವಳ ಬೆರಳಿಗೆ ಇದ್ದ ಬೆಲೆ ತನ್ನ ಕೈಗೆ ಇರಲಿಲ್ಲ.

ಅವಳು ಪ್ಲಗ್ಗು ಕಿತ್ತಳು. ಪೆಟ್ಟಿಗೆಗೆ ವಯರು ಸುತ್ತಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಕೂಸಿನಂತೆ ಸೊಂಟಕ್ಕೇರಿಸಿಕೊಂಡು ಬಾಗಿಲಿನತ್ತ ನಡೆದಳು. ಧಣಿ ಅಡ್ಡ ಬಂದ.

"ಕಳ್ಳಮುಂಡೆ, ಇಡೇ ಅದನ್ನ. ಪೊಲೀಸಿಗೆ ಕೊಡ್ತೀನಿ."

"ಕರಿ. ಪೆಟ್ಟಿಗೆ ನಿಂದೇ ಅಂತ ಅವರ ಮುಂದೆ ನೀನೇ ಹೇಳು," ಎಂದಳು. "ಆವಾಗ ನಾನು ನಿನ್ನ ನೌಕರಳಾಗ್ತೀನಿ. ಕೋಟು ಹಿಡ್ಕೊಂಡು ನಿಂತಿದ್ದು ಗೂಟ ಅಲ್ಲ ಕಣೋ, ನಾನು."

ಅವಳು ಪಕ್ಕಕ್ಕೆ ಸರಿದು ಹೊಸ್ತಿಲು ದಾಟಿದಳು. ಅಷ್ಟರಲ್ಲಿ ಬೆನ್ನ ಹಿಂದೆ ದೊಡ್ಡ ಪ್ರೆಸ್ಸಿನ ಬುಸುಗುಟ್ಟುವಿಕೆ ನಿಂತಿತು. ನನ್ನ ನೋಡಿ ನಗೋಕೇ ಅಕ್ಕ ಪ್ರೆಸ್ಸು ನಿಲ್ಲಿಸಿದ್ದಾಳೆ ಎಂದುಕೊಂಡು ಅವಳು ತಿರುಗಿ ನೋಡಲಿಲ್ಲ.

ವಾರಗಿತ್ತಿ ನಗುವುದಕ್ಕೆ ನಿಲ್ಲಿಸಿದಳೋ, ಎದ್ದು ಬರುವುದಕ್ಕೋ, ಅಥವಾ ಹಬೆಯೇ ಮುಗಿದಿತ್ತೋ, ಅವಳಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.