ಬೆಳೆಯಲು ಬಿಟ್ಟ ಬಟ್ಟೆ

ಲ್ಯಾಪ್‌ಟಾಪಿನ ತೆರೆಯ ಮೇಲೆ ಮೂಡಿದ್ದು ರಾಕೆಟ್ ಅಲ್ಲ, ನೀರು ತುಂಬಿಡುವ ಡ್ರಮ್ಮು. ಅದರ ತಲೆಗೊಂದು ಚೂಪು ಟೋಪಿ, ಬುಡದಲ್ಲಿ ಮೂರು ಪುಟ್ಟ ರೆಕ್ಕೆ. ದರ್ಜಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಡ್ರಮ್ಮು ಡ್ರಮ್ಮಾಗಿಯೇ ಇತ್ತು.

"ಏನ್ ಮಾಸ್ಟ್ರೇ ಇದು, ಬಸುರಿ ಪೆನ್ಸಿಲ್ಲಾ?" ಬೆನ್ನ ಹಿಂದಿನಿಂದ ಕಾಜಾ ಅಕ್ಕ ಕೇಳಿದಳು. ಶಾಲೆಗಳಿಗೆ ಸಮವಸ್ತ್ರ ಹೊಲಿಯುವ ಆ ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಎಲ್ಲರ ವಿಷಯಕ್ಕೂ ಬಾಯಿ ಹಾಕುವುದು ಅವಳು ಪುಕ್ಕಟೆ ಮಾಡುವ ಸೇವೆ.

"ರಾಕೆಟ್ಟು."

"ಹಾರತ್ತಾ?"

"ಈ ಹೊಟ್ಟೆ ಇಟ್ಕೊಂಡು ಎಲ್ಲಿ ಹಾರತ್ತೆ" ಎಂದು ದರ್ಜಿ ಲ್ಯಾಪ್‌ಟಾಪ್ ಮುಚ್ಚಿ, ತಣ್ಣಗಾಗಿದ್ದ ಊಟದ ಡಬ್ಬಿ ತೆರೆದ.

ಎಲ್ಲಿ ಎಡವಿದೆನೆಂಬುದು ಅವನಿಗೆ ಹೊಳೆಯಲೇ ಇಲ್ಲ. ಅಳತೆಯನ್ನಂತೂ ತಾನೇ ತೆಗೆದಿದ್ದ. ಲೈನಿಂಗ್ ಬಟ್ಟೆಯ ಥಾನು ಮುಗಿದು ಉಳಿದ ರಟ್ಟಿನ ಕೊಳವೆಯೊಂದನ್ನು ಮೇಜಿನ ಮೇಲೆ ನಿಲ್ಲಿಸಿ, ಕೊರಳಲ್ಲಿದ್ದ ಟೇಪು ಇಳಿಸಿ, ಎರಡು ಸಲ ಅಳೆದು ಬರೆದುಕೊಂಡಿದ್ದ. ಆ ಟೇಪು ನೂರೈವತ್ತು ಸೆಂಟಿಮೀಟರಿನದು. ಶಾಲೆ ಮಕ್ಕಳಿಗೆ ಅಷ್ಟು ಧಾರಾಳವಾಗಿ ಸಾಕು. ಇಂಚಿನ ಬದಿಯ ಅಂಕಿಗಳು ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ಸೆಂಟಿಮೀಟರಿನ ಬದಿ ಮಾತ್ರ ಕೊಂಡ ದಿನದ ಹಾಗೇ ಇತ್ತು. ಇಪ್ಪತ್ತಾರು ವರ್ಷಗಳಲ್ಲಿ ಅವನು ಅದನ್ನು ತಿರುಗಿಸಿ ನೋಡಿದ್ದು ಈ ರಾಕೆಟ್ಟಿನ ದೆಸೆಯಿಂದಲೇ.

ರಾಕೆಟ್ಟು ಅವನ ಮಗಳದು. ಮಗಳು ಬೇರೆ ಊರಲ್ಲಿ, ಅವಳ ಅಮ್ಮನ ಮನೆಯಲ್ಲಿದ್ದಳು. ಅಮ್ಮನಿಗೆ ಈಗ ಇನ್ನೊಂದು ಸಂಸಾರ. ಮೂರು ವರ್ಷದ ಹಿಂದೆ ಅವರು ಸಾಮಾನು ಕಟ್ಟಿಕೊಂಡು ಹೋದಾಗ, ವಾರಕ್ಕೊಮ್ಮೆ, ಭಾನುವಾರ ಸಂಜೆ ಐದಕ್ಕೆ ಫೋನು ಎಂದು ಮಾತಾಗಿತ್ತು. ಮೊದಮೊದಲು ಅರ್ಧ ಗಂಟೆ ಆಗುತ್ತಿತ್ತು. ಮಗಳು ಹೊಸ ಶಾಲೆಯನ್ನು ಬೈಯುತ್ತಿದ್ದಳು, ಅವನು ಅವಳ ಪರವಾಗಿ ಶಾಲೆಯನ್ನು ಇನ್ನೊಂದಿಷ್ಟು ಬೈಯುತ್ತಿದ್ದ. ಆಮೇಲೆ ಅವಳಿಗೆ ಶಾಲೆ ಹಿಡಿಸಿಬಿಟ್ಟಿತು. ಅಲ್ಲಿಂದ ಮಾತು ಸವೆಯುತ್ತಾ ಬಂತು. ಊಟ ಆಯ್ತಾ? ಆಯ್ತು. ಓದ್ತಿದೀಯಾ? ಹೂಂ. ಮತ್ತೆ? ಮತ್ತೇನಿಲ್ಲ. ನಾಲ್ಕು ನಿಮಿಷ. ಫೋನಿಟ್ಟ ಮೇಲೆ ಅವನು ಆ ನಾಲ್ಕು ನಿಮಿಷವನ್ನೇ ಎತ್ತಿ ಇಳಿಸಿ ನೋಡುತ್ತಾ ಮುಂದಿನ ಭಾನುವಾರದವರೆಗೆ ಕಾಲ ತಳ್ಳುತ್ತಿದ್ದ.

ಹೀಗಿರುವಾಗ ಎರಡು ತಿಂಗಳ ಹಿಂದೆ ಅವಳು ಶಾಲೆಯ ರಾಕೆಟ್ ಕ್ಲಬ್ಬಿಗೆ ಸೇರಿದಳು. ಆ ಭಾನುವಾರ ಹನ್ನೊಂದು ನಿಮಿಷ ಮಾತಾಡಿದಳು, ಉಸಿರೂ ತೆಗೆದುಕೊಳ್ಳದೆ. ಅವನು ಬರೀ ಹೂಂಗುಟ್ಟಿದ.

"ಅಪ್ಪಾ, ನಿಂಗೊಂದೂ ಅರ್ಥ ಆಗ್ತಿಲ್ಲ ಅಲ್ವಾ?"

"ಆಗ್ತಿದೆ ಮರಿ, ಹೇಳು."

"ಸುಳ್ಳು. ಡಿಸೈನ್ ಮಾಡೋ ಸಾಫ್ಟ್‌ವೇರ್ ಫ್ರೀಯಾಗಿ ಸಿಗತ್ತೆ. ಹಾಕ್ಕೋ. ನನ್ನ ಫೈಲ್ ಕಳಿಸ್ತೀನಿ."

ಇದು ತಪ್ಪಿದರೆ ಮತ್ತೆ ಊಟ ಆಯ್ತಾಗೇ ಬಂದು ನಿಲ್ಲುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಾರನೆಯ ದಿನವೇ ಒಂದು ಹಳೆಯ ಲ್ಯಾಪ್‌ಟಾಪ್ ತಂದ. ಮಗಳ ಫೈಲನ್ನು ಮುಟ್ಟಲು ಧೈರ್ಯ ಬರಲಿಲ್ಲ, ಎಲ್ಲಿ ಏನು ಒತ್ತಿ ಏನು ಕೆಡುತ್ತದೋ ಎಂದು. ಅದಕ್ಕೇ ರಟ್ಟಿನ ಕೊಳವೆಯಲ್ಲಿ ತನ್ನದೇ ಒಂದು ರಾಕೆಟ್ ಮಾಡಿ ಕೈ ಪಳಗಿಸಿಕೊಳ್ಳಲು ಹೊರಟಿದ್ದ. ಆದದ್ದು ಡ್ರಮ್ಮು.

ಭಾನುವಾರ ಅದನ್ನೇ ಹೇಳಿದ. "ಹದಿನಾರು ಸೆಂಟಿಮೀಟರ್ ಅಂತ ಸರಿಯಾಗೇ ಹಾಕಿದೀನಿ ಮರಿ. ಟೇಪು ಸುತ್ತಿ ನಾನೇ ಅಳೆದಿದ್ದು."

ಅತ್ತ ಕಡೆ ಮಗಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಗುವ ಆ ನಗೆಯನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ.

"ಅಯ್ಯೋ ಅಪ್ಪಾ, ಅದು ಸುತ್ತಳತೆ ಅಲ್ಲ, ವ್ಯಾಸ! ಈ ಕಡೆಯಿಂದ ಆ ಕಡೆಗೆ, ಅಷ್ಟೇ. ರಾಕೆಟ್ಟಿಗೆ ಷರ್ಟ್ ಹೊಲಿಯೋಕೆ ಹೊರಟಿದೀಯಾ?"

ಅವತ್ತು ಹತ್ತೊಂಬತ್ತು ನಿಮಿಷ ಮಾತಾಯಿತು. ತನ್ನ ದಡ್ಡತನ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಅವನು ಎಣಿಸಿರಲಿಲ್ಲ. ಆಮೇಲಿನ ವಾರಗಳಲ್ಲಿ ಅವನು ದಿನಾ ಮಧ್ಯಾಹ್ನ ಮಗಳ ಫೈಲನ್ನೇ ತೆರೆದು ಕೂತ. ಎಡಗಡೆ ಒಂದೊಂದೇ ಭಾಗದ ಪಟ್ಟಿ: ಮೂತಿ, ಕೊಳವೆ, ರೆಕ್ಕೆ, ಪ್ಯಾರಾಚೂಟು. ಚಿತ್ರದಲ್ಲಿ ನೀಲಿ ಗುರುತು ತೂಕದ ನಡುಬಿಂದು, ಕೆಂಪು ಗುರುತು ಗಾಳಿ ತಳ್ಳುವ ಬಿಂದು. ನೀಲಿ ಮುಂದಿರಬೇಕು, ಕೆಂಪು ಹಿಂದಿರಬೇಕು. ಅದಲುಬದಲಾದರೆ ರಾಕೆಟ್ಟು ಪಲ್ಟಿ ಹೊಡೆಯುತ್ತದೆ. ಒಂದು ಗುಂಡಿ ಒತ್ತಿದರೆ ಅದು ಎಷ್ಟು ಮೇಲೇರುತ್ತದೆ, ಎಲ್ಲಿ ಬೀಳುತ್ತದೆ ಎಂದು ಗೆರೆ ಎಳೆದು ತೋರಿಸುತ್ತಿತ್ತು. ಮಗಳ ರಾಕೆಟ್ಟು ಎಂಬತ್ತನಾಲ್ಕು ಸೆಂಟಿಮೀಟರ್ ಉದ್ದ. ಅದರ ಒಂದೊಂದು ಅಳತೆಯೂ ಅವನಿಗೆ ಬಾಯಿಪಾಠವಾಯಿತು. ಮಗಳ ಅಳತೆ ಮಾತ್ರ ಮೂರು ವರ್ಷ ಹಳೆಯದು. ಅವಳು ಹೊರಟ ವರ್ಷ ಹೊಲಿದ ಸಮವಸ್ತ್ರದ್ದು ಅಳತೆ ಪುಸ್ತಕದಲ್ಲಿತ್ತು: ಎತ್ತರ ಐವತ್ತೊಂದೂವರೆ ಇಂಚು. ಅದನ್ನೇ ಸೆಂಟಿಮೀಟರಿಗೆ ತಿರುಗಿಸಿ ಪಕ್ಕದಲ್ಲಿ ಈಗ ಬರೆದುಕೊಂಡ: ನೂರಾ ಮೂವತ್ತೊಂದು.

"ಅಪ್ಪಾ, ಪ್ಯಾರಾಚೂಟ್ ನೀನೇ ಹೊಲಿದು ಕಳಿಸ್ತೀಯಾ? ಎಲ್ರೂ ಪ್ಲಾಸ್ಟಿಕ್ಕಿಂದು ಹಾಕ್ತಿದಾರೆ. ನಮ್ಮಪ್ಪ ಟೈಲರ್ರು, ಅವ್ರ ಅಳತೆ ಒಂದು ನೂಲೂ ಆಚೀಚೆ ಆಗಲ್ಲ ಅಂತ ಹೇಳ್ಬಿಟ್ಟಿದೀನಿ. ನಲವತ್ತೈದು ಸೆಂಟಿಮೀಟರ್. ವ್ಯಾಸ, ಆಯ್ತಾ?"

"ಆಯ್ತಮ್ಮಾ, ವ್ಯಾಸ."

"ಹಾರಿಸೋ ದಿನ..." ಎಂದು ಅವಳು ತಡೆದಳು. "ಒಬ್ಬೊಬ್ರಿಗೆ ಎರಡೇ ಪಾಸಂತೆ ಅಪ್ಪಾ. ಅಮ್ಮ, ಅಂಕಲ್ಲು..."

"ನಂಗೂ ಬರೋಕೆ ಎಲ್ಲಾಗತ್ತೆ ಮರಿ. ಶಾಲೆ ಶುರುವಾಗೋ ಕಾಲ, ಕೈತುಂಬಾ ಕೆಲ್ಸ" ಎಂದ. ಶಾಲೆಗಳು ಶುರುವಾಗಿ ಆಗಲೇ ನಾಲ್ಕು ತಿಂಗಳು ಕಳೆದಿತ್ತು. ಅದು ಅವಳಿಗೂ ಗೊತ್ತಿತ್ತು.

ಕಿತ್ತಳೆ ಬಣ್ಣದ ತೆಳು ನೈಲಾನ್ ಬಟ್ಟೆ ಹುಡುಕಿ ತಂದು, ಅಂಚು ಮಡಿಸಿ, ಎಂಟು ದಾರಗಳನ್ನು ಒಂದೊಂದನ್ನೂ ಮೂರು ಸಲ ಹೊಲಿಗೆ ಹಾಕಿ ಕೂರಿಸಿದ. ಕಾಜಾ ಅಕ್ಕ ಕೂಡ ಎತ್ತಿ ನೋಡಿ, "ನನ್ನ ಮದ್ವೆ ಬಟ್ಟೆಗೂ ಯಾರೂ ಇಷ್ಟು ಕಷ್ಟ ಪಡ್ಲಿಲ್ಲ ಬಿಡಿ" ಎಂದಳು. ಕೊರಿಯರಿನವನು ರಸೀದಿ ಕೊಟ್ಟ. ಅದು ಅಂಗಿಯ ಜೇಬಿನಲ್ಲೇ ಉಳಿಯಿತು.

ಹಾರಿಸುವ ಭಾನುವಾರ ಬೆಳಗ್ಗೆ ಎಂಟು ಗಂಟೆಗೇ ಅವನು ಒಂಟಿ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಹತ್ತೂವರೆಗೆ ಅವಳ ಸರದಿ. ತಾನೂ ಅದೇ ಹೊತ್ತಿಗೆ ಇಲ್ಲಿ ಗುಂಡಿ ಒತ್ತುವುದೆಂದು ಅಂದುಕೊಂಡಿದ್ದ. ಮೊಬೈಲಿನಲ್ಲಿ ಅವಳ ಊರಿನ ಹವಾಮಾನ ನೋಡಿದ: ಗಾಳಿ ಜೋರಿತ್ತು. ಆ ಅಂಕಿಯನ್ನು ತುಂಬಿದ. ಪ್ಯಾರಾಚೂಟಿನ ಅಳತೆ ತುಂಬುವ ಮನೆಗೆ ಬಂದಾಗ ಬೆರಳು ನಿಂತಿತು.

ಬಟ್ಟೆ ಕತ್ತರಿಸಿದ ದಿನ ನೆನಪಾಯಿತು. ಸೀಮೆಸುಣ್ಣ ನಲವತ್ತೈದಕ್ಕೇ ಗುರುತು ಹಾಕಿತ್ತು. ಆದರೆ ಕತ್ತರಿ ಗುರುತಿನ ಮೇಲೆ ಹೋಗಲಿಲ್ಲ, ಹೊರಗೆ ಹೋಯಿತು. ಇಪ್ಪತ್ತಾರು ವರ್ಷ ಆ ಕತ್ತರಿ ಹಾಗೇ ಹೋಗಿತ್ತು. ಬೆಳೆಯೋ ಮಕ್ಕಳು, ಒಂದಿಷ್ಟು ದೊಡ್ಡದೇ ಇರಲಿ ಎಂದು ಹೇಳದ ತಾಯಂದಿರೇ ಇರಲಿಲ್ಲ. ಅಂಚು ಮಡಿಸಿದ ಮೇಲೂ ಐವತ್ತನಾಲ್ಕು ಉಳಿದಿತ್ತು. ಇರಲಿ, ಮೆತ್ತಗೆ ಇಳಿಯುತ್ತದೆ ಎಂದು ಆಗ ಸಮಾಧಾನ ಮಾಡಿಕೊಂಡಿದ್ದ.

ಐವತ್ತನಾಲ್ಕು ಎಂದು ತುಂಬಿ ಗುಂಡಿ ಒತ್ತಿದ. ಗೆರೆ ಮೇಲೇರಿತು, ಬಾಗಿತು, ಗಾಳಿಯ ಜೊತೆ ತೇಲುತ್ತಾ ತೇಲುತ್ತಾ ಇನ್ನೂರ ಹನ್ನೆರಡು ಮೀಟರಿಗೆ ಹೋಗಿ ಬಿತ್ತು. ಮೈದಾನ ಇರುವುದು ಇನ್ನೂರು ಮೀಟರ್, ಅದರಾಚೆ ಕೆರೆ ಎಂದು ಮಗಳು ಹೇಳಿದ್ದಳು. ಮೈದಾನದ ಗೆರೆಯೊಳಗೆ ಬೀಳದ ರಾಕೆಟ್ಟು ಲೆಕ್ಕಕ್ಕಿಲ್ಲ ಎಂದೂ ಹೇಳಿದ್ದಳು. ಅವಳು ನಾಲ್ಕು ಜನರ ಮುಂದೆ ಅಪ್ಪನ ಅಳತೆಯ ಮೇಲೆ ಜಂಬ ಕೊಚ್ಚಿಕೊಂಡಿದ್ದಾಳೆ.

ಅಂಚನ್ನು ಕತ್ತರಿಸುವ ಹಾಗಿಲ್ಲ, ದಾರಗಳಿರುವುದೇ ಅಲ್ಲಿ. ಕತ್ತರಿಸುವುದಾದರೆ ನಡುವೆ. ನಡುವೆ ಇಪ್ಪತ್ತು ಸೆಂಟಿಮೀಟರ್ ವ್ಯಾಸದ ರಂಧ್ರ ಮಾಡಿದರೆ ಉಳಿಯುವ ಬಟ್ಟೆ ಸುಮಾರು ಐವತ್ತರ ಕೊಡೆಯಷ್ಟು. ಐವತ್ತು ತುಂಬಿ ಒತ್ತಿದ. ನೂರಾ ತೊಂಬತ್ತೇಳು.

ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನು ಭಾನುವಾರ ಬೆಳಗ್ಗೆ ಫೋನು ಮಾಡಿದ. ಎತ್ತಿದ್ದು ಮಗಳ ಅಮ್ಮ.

"ಈಗ್ಯಾಕೆ? ಐದು ಗಂಟೆಗೆ ತಾನೆ?"

"ಪ್ಯಾರಾಚೂಟ್ ದೊಡ್ಡದಾಗಿದೆ. ತಪ್ಪು ನಂದು. ಒಂದೇ ನಿಮಿಷ ಅವಳಿಗೆ ಕೊಡು, ಇಲ್ಲಾಂದ್ರೆ ಕೆರೆಗೆ ಹೋಗತ್ತೆ."

ಅವಳು ಫೋನು ಹಿಡಿದೇ ನಡೆದಳು. ಗದ್ದಲ, ಧ್ವನಿವರ್ಧಕ, ಯಾರದೋ ಚಪ್ಪಾಳೆ. ಆಮೇಲೆ ಮಗಳು. ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ದೊಡ್ಡದ್ಯಾಕೆ ಮಾಡ್ದೆ ಅಪ್ಪಾ?" ಅಳು ಬರುವ ಧ್ವನಿ.

"ಮಕ್ಕಳಿಗೆ ಹೊಲಿದೂ ಹೊಲಿದೂ ಕೈ ಹಂಗೇ ಆಗ್ಬಿಟ್ಟಿದೆ ಮರಿ. ಬೆಳೆಯೋಕೆ ಅಂತ ಬಿಟ್ಬಿಟ್ಟೆ."

"ರಾಕೆಟ್ ಬೆಳೆಯಲ್ಲಪ್ಪಾ."

"ಹೂಂ. ಕತ್ತರಿ ತಗೋ. ಬಟ್ಟೆನ ನಾಲ್ಕು ಮಡಿಕೆ ಮಾಡು. ಮಡಿಕೆಯೆಲ್ಲಾ ಸೇರೋ ಮೂಲೆ ಇದೆಯಲ್ಲ, ಅಲ್ಲಿಂದ ಹತ್ತು ಸೆಂಟಿಮೀಟರಿಗೆ ದುಂಡಗೆ ಕತ್ತರಿಸು. ಹೆದರ್ಬೇಡ. ಒಂದೇ ಸಲಕ್ಕೆ ಕತ್ತರಿಸು, ನಿಲ್ಲಿಸ್ಬೇಡ."

ಫೋನಿನಲ್ಲಿ ಬಟ್ಟೆಯ ಮೇಲೆ ಕತ್ತರಿ ಹಾಯುವ ಸದ್ದು ಕೇಳಿಸಿತು. ಹೊಸಬರ ಕೈ, ಆದರೆ ನಿಲ್ಲಲಿಲ್ಲ.

"ಆಯ್ತಪ್ಪಾ, ಕರೀತಿದಾರೆ, ಇಡ್ತೀನಿ."

ಹತ್ತೂವರೆಗೆ ಅವನು ಗುಂಡಿ ಒತ್ತಿದ. ಹನ್ನೊಂದಕ್ಕೂ ಒತ್ತಿದ. ಪ್ರತಿ ಸಲವೂ ಗೆರೆ ನೂರಾ ತೊಂಬತ್ತೇಳಕ್ಕೇ ಇಳಿಯಿತು. ಗಣಕಕ್ಕೇನು, ಅದಕ್ಕೆ ಕೆರೆಯೂ ಇಲ್ಲ, ಮಗಳೂ ಇಲ್ಲ.

ಸಂದೇಶ ಬಂದದ್ದು ಮಧ್ಯಾಹ್ನ ಎರಡಕ್ಕೆ. "ಗೆರೆಯೊಳಗೇ ಬಿತ್ತು!!! ಜಸ್ಟ್ ಪಾಸ್. ಅಪ್ಪಾ, ಸಂಜೆ ಎಲ್ರೂ ಊಟಕ್ಕೆ ಹೊರಗೆ ಹೋಗ್ತಿದೀವಿ, ಫೋನ್ ಮುಂದಿನ ವಾರ ಮಾಡ್ತೀನಿ ಆಯ್ತಾ?" ಜೊತೆಗೊಂದು ಫೋಟೊ.

ಆಯ್ತು ಮರಿ ಎಂದು ಬರೆದು ಕಳಿಸಿದ. ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದ. ಖುಷಿಯೇ ಆಗಿತ್ತು, ಆದರೆ ಹಂಚಿಕೊಳ್ಳಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಕಾಜಾ ಅಕ್ಕ ಸಿಗುವುದು ಇನ್ನು ನಾಳೆಯೇ.

ಸಂಜೆ ಐದಕ್ಕೆ, ಅಭ್ಯಾಸಬಲದಿಂದ, ಕುರ್ಚಿಯಲ್ಲಿ ಬಂದು ಕೂತ. ಫೋಟೊವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದ. ಹುಲ್ಲಿನ ಮೇಲೆ ಮಗಳು ನೆಟ್ಟಗೆ ನಿಂತಿದ್ದಳು, ಪಕ್ಕದಲ್ಲಿ ರಾಕೆಟ್ಟನ್ನು ನೆಲಕ್ಕೆ ಊರಿ ಹಿಡಿದಿದ್ದಳು. ಹೆಗಲ ಮೇಲೆ ಯಾರದೋ ಕೈ. ಕೈಯ ಯಜಮಾನ ಚಿತ್ರದಲ್ಲಿರಲಿಲ್ಲ. ಪ್ಯಾರಾಚೂಟು ಶಾಲಿನ ಹಾಗೆ ಕೊರಳಲ್ಲಿತ್ತು. ಕತ್ತರಿಸಿದ ಕಡೆ ನೂಲು ಬಿಚ್ಚಿಕೊಂಡಿತ್ತು.

ಅವನು ಮೇಜಿನಿಂದ ಅಡಿಕೋಲು ತೆಗೆದು ತೆರೆಗೆ ಆನಿಸಿದ. ರಾಕೆಟ್ಟು ಆರು ಸೆಂಟಿಮೀಟರ್. ನಿಜದಲ್ಲಿ ಎಂಬತ್ತನಾಲ್ಕು, ಅದರಲ್ಲಿ ಅವನಿಗೆ ಅನುಮಾನವಿಲ್ಲ. ಅಂದರೆ ಒಂದಕ್ಕೆ ಹದಿನಾಲ್ಕು. ಅಡಿಕೋಲನ್ನು ಮಗಳ ಕಡೆಗೆ ಸರಿಸಿದ. ಪಾದದಿಂದ ನೆತ್ತಿಗೆ ಹನ್ನೊಂದು. ಹದಿನಾಲ್ಕರಿಂದ ಗುಣಿಸಿದ. ತಪ್ಪಿರಬೇಕೆಂದು ಮತ್ತೊಮ್ಮೆ ಅಳೆದು ಗುಣಿಸಿದ.

ಅಳತೆ ಪುಸ್ತಕ ತೆರೆದು, ನೂರಾ ಮೂವತ್ತೊಂದರ ಕೆಳಗೆ ಹೊಸ ಅಂಕಿ ಬರೆದ: ನೂರೈವತ್ತನಾಲ್ಕು.

ಎದ್ದು ಕೊರಳ ಟೇಪು ಇಳಿಸಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನಡಿ ಒತ್ತಿಕೊಂಡು, ಇನ್ನೊಂದು ತುದಿಯನ್ನು ಮೈಗುಂಟ ಮೇಲಕ್ಕೆಳೆದ. ಮೊಣಕಾಲು, ಸೊಂಟ, ಎದೆ, ಕೊರಳು ದಾಟಿ ಗದ್ದದ ಮೇಲೆ ಬಂತು. ಅಲ್ಲಿಗೆ ನೂರೈವತ್ತು, ಟೇಪು ಮುಗಿಯಿತು; ಮಗಳಿಗೆ ಇನ್ನೂ ನಾಲ್ಕು ಬೇಕಿತ್ತು. ಅವನು ಅದರ ತುದಿಯ ಮೇಲೆ ಎರಡು ಬೆರಳು ಅಡ್ಡ ಇಟ್ಟು, ಬಿಗಿಯಾಗಿ ಹಿಡಿದು, ಹಾಗೆಯೇ ನಿಂತ.