ಟೆಸ್ಸಾ ಓದದ ಪತ್ರ

ಶಾಲೆಯ ಕೌನ್ಸೆಲರ್ ನೋರೀನ್ ಡುವಾಲಳ ಪಟ್ಟಿಯಲ್ಲಿ ಆ ವರ್ಷ ನಾನೂರ ಹನ್ನೆರಡು ಮಕ್ಕಳಿದ್ದರು. ಹೈಸ್ಕೂಲು ಮುಗಿಸುವವರನ್ನು ಕಾಲೇಜಿಗೆ ಅಣಿಮಾಡುವುದು ಅವಳ ಕೆಲಸ ಎಂದು ನೇಮಕದ ಕಾಗದ ಹೇಳುತ್ತಿತ್ತು. ಕಾಗದಕ್ಕೇನು, ಏನು ಬೇಕಾದರೂ ಹೇಳುತ್ತದೆ. ಸೆಪ್ಟೆಂಬರ್ ಇಡೀ ಅವಳು ಮಾಡಿದ್ದು ಬೀಗದ ಸಂಖ್ಯೆ ಮರೆತವರ ಲಾಕರು ತೆಗೆಸಿಕೊಟ್ಟಿದ್ದು, ಮಧ್ಯಾಹ್ನ ಊಟದ ಹಾಲಿನಲ್ಲಿ ಆಲೂಗಡ್ಡೆ ಎಸೆದಾಡುವವರನ್ನು ಕಾಯ್ದದ್ದು, ಸಂಜೆ ಬಸ್ಸುಗಳ ಪಕ್ಕ ಹಳದಿ ಅಂಗಿ ತೊಟ್ಟು ಕೈ ಬೀಸಿದ್ದು. ಹತ್ತೊಂಬತ್ತು ವರ್ಷದಿಂದ ಹೀಗೆಯೇ ನಡೆದಿತ್ತು.

ಇದರ ಮೇಲೆ ಪ್ರಿನ್ಸಿಪಾಲ್ ಫೆಂಟನ್ ಕ್ರೂಸ್‌ನ ಹುಚ್ಚು ಬೇರೆ. ಆತ ಶಾಲೆಯ ಬಾಗಿಲ ಎದುರಿನ ಗೋಡೆಗೆ 'ನೂರಕ್ಕೆ ನೂರು' ಎಂದು ಆಳೆತ್ತರದ ಹಾಳೆ ಅಂಟಿಸಿದ್ದ. ಕೊನೆಯ ವರ್ಷದ ಪ್ರತಿಯೊಬ್ಬರ ಕೈಯಲ್ಲೂ ಯಾವುದಾದರೊಂದು ಕಾಲೇಜಿನ ಒಪ್ಪಿಗೆ ಪತ್ರ ಇರಬೇಕು. ಅವರು ಹೋಗುತ್ತಾರೋ ಬಿಡುತ್ತಾರೋ ಅದು ಅವನ ತಲೆನೋವಲ್ಲ. ಅಪ್ಪನ ವೆಲ್ಡಿಂಗ್ ಅಂಗಡಿ ಸೇರುತ್ತೇನೆಂದು ಹತ್ತನೇ ವಯಸ್ಸಿಗೇ ನಿಶ್ಚಯಿಸಿದ್ದವನಿಂದಲೂ ನೋರೀನ್ ಅರ್ಜಿ ತುಂಬಿಸಬೇಕಾಗಿತ್ತು. ಕೇಳಿದವರನ್ನೆಲ್ಲ ಸೇರಿಸಿಕೊಳ್ಳುವ ಕಾಲೇಜೊಂದು ಮೂವತ್ತು ಮೈಲಿ ದೂರದಲ್ಲಿತ್ತು, ಅರ್ಜಿಗಳು ಅಲ್ಲಿಗೆ ಹೋಗುತ್ತಿದ್ದವು. ಈ ನಾಟಕಕ್ಕೇ ಎರಡು ವಾರ ಹಾಳಾಯಿತು. ನಿಜವಾಗಿ ಓದಬೇಕೆಂದಿದ್ದವರು ಅವಳ ಬಾಗಿಲ ಹೊರಗೆ ಕಾದು ಕಾದು ಕ್ಲಾಸಿಗೆ ವಾಪಸಾದರು.

ಹಾಗೆ ಮೂರು ಸಲ ವಾಪಸಾಗಿ ನಾಲ್ಕನೇ ಸಲ ಒಳಗೆ ಬಂದವಳು ಟೆಸ್ಸಾ ಬೋಲಿನ್. ಹದಿನೇಳರ ಹುಡುಗಿ, ಗಣಿತದಲ್ಲಿ ಶಾಲೆಗೇ ಮೊದಲು. ಶಾಲೆ ಬಿಟ್ಟ ಮೇಲೆ ಊರಿನ ಬೋಲಿಂಗ್ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಚೆಂಡು ಬಡಿದು ಉರುಳಿದ ಹತ್ತು ಗೂಟಗಳನ್ನು ಎತ್ತಿ ಮತ್ತೆ ಸಾಲಾಗಿ ನಿಲ್ಲಿಸುವ ಹಳೇ ಯಂತ್ರಗಳಿದ್ದವು. ಅವು ಕೆಟ್ಟು ಕೂತರೆ ಸರಿಮಾಡಬಲ್ಲವಳು ಇಡೀ ಮಾರ್ಬರಿ ಊರಿನಲ್ಲಿ ಇವಳೊಬ್ಬಳೇ. ಅವಳಿಗೆ ಎಂಜಿನಿಯರಿಂಗ್ ಓದಬೇಕಿತ್ತು. ಅಜ್ಜಿ ಓಪಲ್‌ಗೆ ಅದನ್ನು ಓದಿಸುವ ಶಕ್ತಿ ಇರಲಿಲ್ಲ. ಜಿಲ್ಲೆಗೊಬ್ಬರನ್ನು ಆರಿಸಿ ಓದಿನ ಪೂರ್ತಿ ಖರ್ಚು ಕೊಡುವ ವಿಂಡಮ್ ಪ್ರತಿಷ್ಠಾನ ಅಂತ ಒಂದಿತ್ತು. ಅದು ಸಿಕ್ಕಿದರೆ ಕಾಲೇಜು, ಸಿಗದಿದ್ದರೆ ಆಯುಷ್ಯಪೂರ್ತಿ ಗೂಟ ಎತ್ತುವ ಯಂತ್ರ.

ನೋರೀನ್ ಅವಳ ಪ್ರಬಂಧ ಓದಿದಳು. ಅರ್ಜಿಯ ಜೊತೆ ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದು ಪ್ರಬಂಧ ಬರೆಯಲೇಬೇಕು. ಟೆಸ್ಸಾ ಒಂಬತ್ತನೇ ಸಾಲಿನ ಯಂತ್ರದ ಬಗ್ಗೆ ಬರೆದಿದ್ದಳು. ಅದು ಪ್ರತಿ ಗುರುವಾರ ಮಾತ್ರ ಕೈಕೊಡುತ್ತಿತ್ತಂತೆ. ಯಾಕೆಂದು ಕಂಡುಹಿಡಿಯಲು ಆರು ವಾರ ಅದರ ಹೊಟ್ಟೆಯ ಕೆಳಗೆ ಮಲಗಿದ್ದಳಂತೆ.

"ಚೆನ್ನಾಗಿದೆ," ಎಂದಳು ನೋರೀನ್.

"ಆದ್ರೆ?"

"ಆದ್ರೆ ಇದನ್ನ ಓದಿ ಯಾರೂ ಅಳಲ್ಲ, ಟೆಸ್ಸಾ."

"ಅಳೋದ್ಯಾಕೆ ಮಿಸ್? ಬೆಲ್ಟ್ ಸಡಿಲ ಆಗಿತ್ತು ಅಷ್ಟೇ."

ನೋರೀನ್‌ಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಹುಡುಗಿಯ ಮೇಲಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಮಕ್ಕಳ ದುಃಖವನ್ನು ತೂಗಿ ನೋಡುವ ಸಮಿತಿಗಳ ಮೇಲೆ. ಹತ್ತೊಂಬತ್ತು ವರ್ಷದಲ್ಲಿ ಅವಳು ಕಂಡುಕೊಂಡಿದ್ದ ಸತ್ಯ ಒಂದೇ. ಸತ್ತ ಅಪ್ಪಂದಿರು, ಸುಟ್ಟ ಮನೆಗಳು, ಆಸ್ಪತ್ರೆಯ ಹಾಸಿಗೆಗಳು ಕಾಲೇಜು ಸೇರುತ್ತವೆ. ಸುಖವಾಗಿದ್ದ ಮಕ್ಕಳು ತಮ್ಮ ತೋಟ, ತಮ್ಮ ಕ್ಲಾರಿನೆಟ್ ವಾದ್ಯದ ಬಗ್ಗೆ ಬರೆದ ಪ್ರಬಂಧ ಹಿಡಿದುಕೊಂಡು ಹೊರಗೆ ಉಳಿಯುತ್ತಾರೆ.

"ನಿನಗೆ ಬರೆಯೋಕೆ ಬೇರೆ ವಿಷಯ ಇದೆ. ನಿನ್ನ ಅಮ್ಮ."

"ಅಮ್ಮ ಫ್ಲೋರಿಡಾದಲ್ಲಿದಾಳೆ," ಎಂದಳು ಟೆಸ್ಸಾ.

ಊರೂ ಹಾಗೆಯೇ ಹೇಳುತ್ತಿತ್ತು. ಟೆಸ್ಸಾಳ ಅಮ್ಮ ಶೆರಿ ಇದ್ದದ್ದು ಎರಡು ಗಂಟೆ ದಾರಿಯ ಹೆಂಗಸರ ಜೈಲಿನಲ್ಲಿ. ನೋವಿನ ಮಾತ್ರೆಯ ಚಟಕ್ಕೆ ಬಿದ್ದು, ಆಮೇಲೆ ಅದನ್ನೇ ಮಾರಿ ಸಿಕ್ಕಿಬಿದ್ದಿದ್ದಳು. ಇದು ಗೊತ್ತಿಲ್ಲದ ಒಂದು ನರಪಿಳ್ಳೆ ಮಾರ್ಬರಿಯಲ್ಲಿ ಇರಲಿಲ್ಲ. ಆದರೂ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಮೀನೂಟಕ್ಕೆ ಸಾಲು ನಿಂತವರು, ತಟ್ಟೆಗೆ ಕೋಸು ಬಡಿಸುವ ಓಪಲಳನ್ನು ಕೇಳುತ್ತಿದ್ದರು.

"ಶೆರಿ ಹೇಗಿದಾಳೆ ಓಪಲ್? ಫ್ಲೋರಿಡಾದಲ್ಲಿ ಸೆಕೆ ಜೋರಂತಲ್ಲ."

"ಬೆವರಿ ಸಾಯ್ತಿದಾಳೆ ಕಣಪ್ಪ. ಆದ್ರೂ ಇಲ್ಲಿಯ ಹಿಮ ಬೇಡ್ವಂತೆ ಮಹಾರಾಣಿಗೆ."

ಕೇಳಿದವರು ನಗುತ್ತಿದ್ದರು, ಓಪಲ್ ಇನ್ನೊಂದು ಸೌಟು ಕೋಸು ಹಾಕುತ್ತಿದ್ದಳು. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಮಾರ್ಬರಿಯಿಂದ ಇಂಥ ಕಂಬಿಗಳ ಫ್ಲೋರಿಡಾಕ್ಕೆ ಹೋದವರು ಬಹಳ ಮಂದಿ. ನೋರೀನಳ ತಮ್ಮನೂ ಒಂದು ವರ್ಷ ಹೋಗಿ ಬಂದಿದ್ದ. ಆಗ ಓಪಲ್ ಅವಳನ್ನೂ ಇದೇ ಮಾತು ಕೇಳಿ, ಸೆಕೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ್ದಳು. ಆ ದಿನ ನೋರೀನ್ ಕಾರಿನಲ್ಲಿ ಕೂತು ಸಮಾಧಾನದಿಂದ ಅತ್ತಿದ್ದಳು.

"ನನಗೆ ಗೊತ್ತು ಟೆಸ್ಸಾ, ನಿನಗೂ ಗೊತ್ತು," ಎಂದಳು ನೋರೀನ್ ದನಿ ತಗ್ಗಿಸಿ. "ಇದು ಊರಿಗಲ್ಲ, ಸಮಿತಿಗೆ ಮಾತ್ರ. ಒಂದು ಪ್ಯಾರಾ ಬರೆದ್ರೆ ಸಾಕು."

"ಬೇಡ."

"ಹಟ ಮಾಡ್ಬೇಡ. ಇದೇನು ನಾಚಿಕೆ ಪಡೋ ವಿಷಯ ಅಲ್ಲ."

"ನಾಚಿಕೆ ಅಲ್ಲ ಮಿಸ್. ಅದು ಅಜ್ಜಿಯ ವಿಷಯ, ನನ್ನದಲ್ಲ. ನಾನು ಅದನ್ನ ಕೊಟ್ಟು ಕಾಲೇಜು ತಗೊಳ್ಳಲ್ಲ." ಟೆಸ್ಸಾ ಪ್ರಬಂಧವನ್ನು ತನ್ನ ಕಡೆ ಎಳೆದುಕೊಂಡಳು. "ಇದು ಚೆನ್ನಾಗೇ ಇದೆ. ನನಗೆ ಗೊತ್ತು."

ಹೊರಗೆ ಇನ್ನೂ ಎಂಟು ಮಂದಿ ಕಾಯುತ್ತಿದ್ದರು. ನೋರೀನ್ ಕೈ ಚೆಲ್ಲಿ, ಅರ್ಜಿಯ ಕೊನೆಯ ಪುಟ ತೆಗೆದಳು. ಅಲ್ಲಿ ಶಿಫಾರಸು ಪತ್ರದ ಬಗ್ಗೆ ಒಂದು ಚೌಕವಿತ್ತು. ತನ್ನ ಬಗ್ಗೆ ಬರೆದ ಪತ್ರವನ್ನು ಓದುವ ಹಕ್ಕು ತನಗೆ ಬೇಡ ಎಂದು ವಿದ್ಯಾರ್ಥಿ ಅಲ್ಲಿ ಗುರುತು ಹಾಕಬೇಕು. ಹಾಕದಿದ್ದರೆ ಸಮಿತಿಯವರು ಪತ್ರವನ್ನು ನಂಬುವುದಿಲ್ಲ.

"ಎಲ್ಲರೂ ಹಾಕ್ತಾರೆ," ಎಂದಳು ನೋರೀನ್.

"ನೀವೇನು ಬರೀತೀರಿ?"

"ಒಳ್ಳೇದೇ ಬರೀತೀನಿ."

"ಅಮ್ಮನ ವಿಷಯ?"

"ಬೇಡ ಅಂದ್ಯಲ್ಲ. ನಾನ್ಯಾಕೆ ಬರೀಲಿ."

ಟೆಸ್ಸಾ ಗುರುತು ಹಾಕಿದಳು. ಆ ಹೊತ್ತಿನಲ್ಲಿ ನೋರೀನ್ ಹೇಳಿದ್ದು ಸುಳ್ಳಾಗಿರಲಿಲ್ಲ.

ಡಿಸೆಂಬರ್ ನಡುವೆ ದೊಡ್ಡ ಕಾಲೇಜುಗಳ ಮೊದಲ ಉತ್ತರಗಳು ಬಂದವು. ತೋಟದ ಬಗ್ಗೆ ಬರೆದಿದ್ದ ಕೊರಿನ್ ಎಂಬ ಜಾಣ ಹುಡುಗಿಗೆ ಎಲ್ಲ ಕಡೆಯೂ ಇಲ್ಲ ಎಂದಿದ್ದರು. ಅವಳು ನೋರೀನಳ ಕುರ್ಚಿಯಲ್ಲಿ ಕೂತು ಒಂದು ಗಂಟೆ ಬಿಕ್ಕಿದಳು. ಅವಳಿಗಿಂತ ಕಡಿಮೆ ಅಂಕದವನೊಬ್ಬ ತನ್ನ ಅಪ್ಪನ ಕ್ಯಾನ್ಸರಿನ ಬಗ್ಗೆ ಬರೆದು ಮೂರು ಕಡೆ ಸೀಟು ಗಿಟ್ಟಿಸಿದ್ದ. ಅದೇ ದಿನ ಕ್ರೂಸ್ ಬಾಗಿಲಲ್ಲಿ ತಲೆಹಾಕಿದ.

"ವಿಂಡಮ್ ಈ ಸಲ ನಮಗೆ ಬರಬೇಕು ನೋರೀನ್. ಏಳು ವರ್ಷ ಆಯ್ತು. ನಿಮ್ಮ ಪತ್ರ ಸ್ವಲ್ಪ ಗಟ್ಟಿಯಾಗಿರಲಿ."

"ಊಟದ ಹಾಲ್ ಕಾಯೋದನ್ನ ಬೇರೆಯವರಿಗೆ ಕೊಟ್ರೆ ಗಟ್ಟಿಯಾಗೇ ಬರೀತೀನಿ."

"ಅದನ್ನ ಜನವರಿ ಮೇಲೆ ನೋಡೋಣ," ಎಂದು ಅವನು ಹೊರಟುಹೋದ. ಅವನು ಏನನ್ನೂ ಜನವರಿ ಮೇಲೆ ನೋಡಿದವನಲ್ಲ.

ಬರೆಯಬೇಕಾದ ಪತ್ರಗಳು ಅರವತ್ಮೂರು ಇದ್ದವು. ಟೆಸ್ಸಾಳ ಸರದಿ ಬಂದದ್ದು ಜನವರಿಯಲ್ಲಿ, ಪತ್ರ ಕಳಿಸುವ ಕಡೇ ದಿನದ ಹಿಂದಿನ ಮಧ್ಯಾಹ್ನ, ಅದೂ ಊಟದ ಹಾಲಿನಲ್ಲಿ, ಕೆಚಪ್ ಅಂಟಿದ ಮೇಜಿನ ಮೇಲೆ. ಮೊದಲು ನೋರೀನ್ ಒಂಬತ್ತನೇ ಸಾಲಿನ ಯಂತ್ರದ ಬಗ್ಗೆಯೇ ಬರೆದಳು. ಬರೆದದ್ದು ಸಪ್ಪೆ ಎನಿಸಿತು. ಕೊರಿನ್ ಬಿಕ್ಕಿದ್ದು ಕಿವಿಯಲ್ಲೇ ಇತ್ತು. ಈ ಹುಡುಗಿ ತನ್ನ ಹಟಕ್ಕೆ ಬಲಿಯಾಗಬಾರದು, ಇವಳಿಗೆ ಒಳ್ಳೆಯದಾದ ಮೇಲೆ ಹೇಗಾಯಿತೆಂದು ಯಾರು ಕೇಳುತ್ತಾರೆ, ಪತ್ರವನ್ನು ಓದುವವರಾದರೂ ಯಾರು ಎಂದುಕೊಂಡಳು. ಬರೆದದ್ದನ್ನು ಅಳಿಸಿ ಮತ್ತೆ ಶುರುಮಾಡಿದಳು. 'ಟೆಸ್ಸಾ ಹನ್ನೆರಡು ವರ್ಷದವಳಿದ್ದಾಗ ಪೊಲೀಸರು ಅಡುಗೆಮನೆಯಲ್ಲಿ ಅವಳ ತಾಯಿಗೆ ಕೋಳ ತೊಡಿಸಿದರು' ಎಂಬುದು ಮೊದಲ ಸಾಲು. ಆಮೇಲೆ ಮಾತು ತಾನಾಗಿ ಹರಿಯಿತು. ಕೋಸು ಬಡಿಸುವ ಅಜ್ಜಿ ಊರಿಗೆಲ್ಲ ಹೇಳುವ ಫ್ಲೋರಿಡಾದ ಸುಳ್ಳನ್ನೂ ಹಾಕಿದಳು. ಓದಿದವರು ಅಳುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು. ಮೇಜುಗಳ ಆಚೆ ಯಾರೋ ಹಾಲಿನ ಡಬ್ಬಿ ಎಸೆದರು, ಅವಳು ಪತ್ರ ಕಳಿಸಿ ಎದ್ದುಹೋದಳು.

ಮಾರ್ಚಿನಲ್ಲಿ ವಿಂಡಮ್ ಟೆಸ್ಸಾಗೆ ಸಿಕ್ಕಿತು. ಕ್ರೂಸ್ ಧ್ವನಿವರ್ಧಕದಲ್ಲಿ ಎರಡು ಸಲ ಕೂಗಿದ. ಎಂದೂ ಯಾರನ್ನೂ ಮುಟ್ಟದ ಟೆಸ್ಸಾ ಬಂದು ನೋರೀನಳನ್ನು ಅಪ್ಪಿಕೊಂಡಳು. ಓಪಲ್ ಒಂದು ದೊಡ್ಡ ಪಾತ್ರೆಯ ತುಂಬ ಆಲೂಗಡ್ಡೆ ತುಂಬಿದ ಕಡುಬು ಕಳಿಸಿದಳು. ಕೆಲಸಕ್ಕೆ ಸೇರಿದ ಮೇಲೆ ನೋರೀನ್ ಅಷ್ಟು ಹಗುರಾಗಿ ಮನೆಗೆ ಹೋದದ್ದು ಅದೇ ಮೊದಲು.

ಮೇ ತಿಂಗಳ ಮೊದಲನೇ ದಿನ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ಸಭೆ. ಕೊನೆಯ ವರ್ಷದವರೆಲ್ಲ ತಾವು ಸೇರುವ ಕಾಲೇಜಿನ ಹೆಸರಿರುವ ಅಂಗಿ ತೊಟ್ಟು ಒಬ್ಬೊಬ್ಬರಾಗಿ ವೇದಿಕೆ ಹತ್ತುವ ದಿನ ಅದು. ವೆಲ್ಡಿಂಗ್ ಹುಡುಗನಿಗೂ ಕ್ರೂಸ್ ಒಂದು ಅಂಗಿ ತೊಡಿಸಿದ್ದ. ಮೆಟ್ಟಿಲು ಸಾಲಿನಲ್ಲಿ ಊರಿಗೆ ಊರೇ ಕೂತಿತ್ತು. ಮೂರನೇ ಸಾಲಿನಲ್ಲಿ ಓಪಲ್ ಚರ್ಚಿನ ಗೆಳತಿಯರ ನಡುವೆ ಕೆಂಪು ಕೋಟು ತೊಟ್ಟು ಕೂತಿದ್ದಳು.

ಪ್ರತಿಷ್ಠಾನದ ಮಿಸೆಸ್ ಪ್ರೂಯೆಟ್ ಎಂಬ ನರೆಗೂದಲಿನ ಹೆಂಗಸು ಟೆಸ್ಸಾಳನ್ನು ವೇದಿಕೆಯ ಮೇಲೆ ತಮ್ಮ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. ಕನ್ನಡಕ ಏರಿಸಿ ಒಂದು ಹಾಳೆ ಬಿಡಿಸಿದರು. "ಈ ಹುಡುಗಿ ಎಂಥ ಕಷ್ಟ ದಾಟಿ ಬಂದಿದಾಳೆ ಅಂತ ನಿಮಗೂ ತಿಳೀಬೇಕು. ಅವಳ ಕೌನ್ಸೆಲರ್ ಬರೆದ ಮಾತನ್ನೇ ಓದ್ತೀನಿ," ಎಂದು ಓದತೊಡಗಿದರು. ಅಡುಗೆಮನೆ, ಕೋಳ, ಜೈಲಿನ ಹೆಸರು, ಫ್ಲೋರಿಡಾ. ಒಂದನ್ನೂ ಬಿಡಲಿಲ್ಲ. ಪಾಪ, ಅವರಿಗೆ ನಿಜಕ್ಕೂ ಅಳು ಬಂದಿತ್ತು.

ಮೆಟ್ಟಿಲ ಸಾಲಿನಲ್ಲಿ ಯಾರೂ ಅಳಲಿಲ್ಲ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಓಪಲಳ ಅಕ್ಕಪಕ್ಕದವರು ಅವಳ ಕಡೆ ತಿರುಗಲೇ ಇಲ್ಲ, ಅದೊಂದೇ ಆಗ ಅವರು ಮಾಡಬಹುದಾಗಿದ್ದ ಉಪಕಾರ. ಓಪಲ್ ಎದ್ದಳು. ಕೆಂಪು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ಕಂಬಿ ಹಿಡಿದು ಮೆಟ್ಟಿಲಿಳಿದು ಹೊರಗೆ ಹೋದಳು. ಟೆಸ್ಸಾ ವೇದಿಕೆಯ ಮೇಲೆ ನಿಂತು ಅದನ್ನು ಪೂರ್ತಿ ನೋಡಿದಳು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ನೋರೀನಳನ್ನು ನೋಡಿದಳು.

ಸಭೆ ಮುಗಿದ ಕೂಡಲೇ ನೋರೀನ್ ಮಿಸೆಸ್ ಪ್ರೂಯೆಟರನ್ನು ಅಡ್ಡಗಟ್ಟಿದಳು.

"ಅದು ಗುಟ್ಟಿನ ಪತ್ರ. ನೀವು ಹೇಗೆ ಓದಿದ್ರಿ ಅದನ್ನ?"

"ಅಯ್ಯೋ, ಅಷ್ಟು ಚೆನ್ನಾಗಿತ್ತಲ್ಲಮ್ಮ. ಊರಿಗೆಲ್ಲ ತಿಳಿದ್ರೆ ಒಳ್ಳೇದೇ ಅಲ್ವಾ?"

"ಅದು ಸಮಿತಿಗೆ ಅಂತ ಬರೆದಿದ್ದು. ಅವಳನ್ನ ಆರಿಸಲಿ ಅಂತ."

ಮಿಸೆಸ್ ಪ್ರೂಯೆಟರ ಮುಖ ಸಪ್ಪಗಾಯಿತು. "ಆರಿಸಿದ್ದು ಆ ಪತ್ರ ನೋಡಿ ಅಲ್ಲ. ಕ್ರಿಸ್‌ಮಸ್‌ಗೆ ಮುಂಚೆನೇ ತೀರ್ಮಾನ ಆಗಿತ್ತು. ಆ ಬೋಲಿಂಗ್ ಯಂತ್ರದ ಪ್ರಬಂಧ ಇತ್ತಲ್ಲ, ಅದನ್ನ ನಮ್ಮ ಅಧ್ಯಕ್ಷರು ಮೂರು ಸಲ ಜೋರಾಗಿ ಓದಿಸಿದ್ರು. ಎಲ್ರೂ ಬಿದ್ದು ಬಿದ್ದು ನಕ್ವಿ. ಶಿಫಾರಸು ಪತ್ರ ಬರೋದು ಕಡತಕ್ಕೆ ಸೇರಿಸೋಕೆ ಅಷ್ಟೇ. ಪ್ರತಿ ವರ್ಷ ಹಾಗೇ."

ಪ್ರತಿ ವರ್ಷ ಹಾಗೇ. ನೋರೀನ್ ಅಲ್ಲೇ ಒಂದು ಮಡಿಸುವ ಕುರ್ಚಿಯ ಮೇಲೆ ಕೂತಳು. ಸಮಿತಿಗೆ ದುಃಖ ಬೇಕು ಎಂದು ಹತ್ತೊಂಬತ್ತು ವರ್ಷ ತಾನೇ ನಂಬಿ, ಎಷ್ಟು ಮಕ್ಕಳಿಂದ ಅದನ್ನು ಕಕ್ಕಿಸಿದ್ದಳೋ ಲೆಕ್ಕ ಸಿಗಲಿಲ್ಲ. ಬೈಯಲು ಕ್ರೂಸ್ ಇದ್ದ, ಸಮಿತಿ ಇತ್ತು, ಈ ಹೆಂಗಸಿದ್ದಳು. ಆದರೆ ಕೆಚಪ್ ಅಂಟಿದ ಮೇಜಿನ ಮೇಲೆ ಆ ಮೊದಲ ಸಾಲು ಬರೆದು ಮೆಚ್ಚಿಕೊಂಡಿದ್ದ ಕೈ ತನ್ನದೇ ಆಗಿತ್ತು.

ಆ ಶುಕ್ರವಾರ ಮೀನೂಟದಲ್ಲಿ ಕೋಸಿನ ಪಾತ್ರೆಯ ಹಿಂದೆ ಬೇರೆ ಯಾರೋ ನಿಂತಿದ್ದರು. ಅದರ ಮುಂದಿನ ಶುಕ್ರವಾರವೂ ಅವರೇ. ನೋರೀನ್ ಎರಡು ಸಲ ಓಪಲಳ ಮನೆಯ ಬಾಗಿಲು ತಟ್ಟಿದಳು. ಒಳಗೆ ಟಿವಿಯ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ.

ಮೂರನೇ ವಾರ ಟೆಸ್ಸಾ ತಾನಾಗಿಯೇ ಕೋಣೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

"ತಪ್ಪು ಮಾಡಿದೆ ಟೆಸ್ಸಾ. ಬರೆಯಲ್ಲ ಅಂತ ಮಾತು ಕೊಟ್ಟು ಬರೆದೆ," ಎಂದಳು ನೋರೀನ್. ಆಮೇಲೆ ಉಳಿದದ್ದನ್ನೂ ಹೇಳಿದಳು. "ಅದು ಬೇಕಾಗೇ ಇರಲಿಲ್ಲ. ನಿನ್ನ ಪ್ರಬಂಧಕ್ಕೇ ಸಿಕ್ಕಿದ್ದು. ಅವರಿಗೆ ತುಂಬಾ ಹಿಡಿಸ್ತಂತೆ."

ಟೆಸ್ಸಾ ಸಂತೋಷಪಡಲಿಲ್ಲ, ಸಿಟ್ಟೂ ಆಗಲಿಲ್ಲ. "ಚೆನ್ನಾಗೇ ಇತ್ತಲ್ಲ ಮಿಸ್," ಎಂದಳು. "ಕಾಲೇಜಿಗೆ ಹೋಗ್ತೀನಿ. ಹೋಗ್ಲೇಬೇಕು ಅಂತ ಅಜ್ಜಿ ಆಣೆ ಹಾಕಿಸಿದಾಳೆ," ಎಂದಳು.

"ಅಜ್ಜಿ ಹೇಗಿದಾರೆ?"

ಟೆಸ್ಸಾ ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಪದವಿ ಪ್ರದಾನದ ದಿನ ಮನೆಯವರು ಕೂರಲು ಶಾಲೆ ಪ್ರತಿಯೊಬ್ಬರಿಗೂ ಕೊಡುವ ನಾಲ್ಕು ಟಿಕೆಟುಗಳು ಅದರಲ್ಲಿದ್ದವು.

"ನಾಲ್ಕೂ ಹಾಗೇ ಇವೆ. ಕೆಲವು ಮನೆಯವರಿಗೆ ಸಾಲಲ್ಲ ಅಂತಾರಲ್ಲ, ಅವರಿಗೆ ಕೊಟ್ಬಿಡಿ," ಎಂದು ಹೇಳಿ ಅವಳು ಕ್ಲಾಸಿಗೆ ಹೋದಳು.