ಕೊಕ್ಕರೆ ಮಾತಿಗೆ ನಕ್ಕವಳು

ಮಂತ್ರಿಮಂಡಲದ ಸಭೆ ಮುಗಿಸಿ ಪ್ರಧಾನಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಪತ್ರಕರ್ತರು ಮುತ್ತಿಕೊಂಡರು. ಕೈಯಲ್ಲಿ ಕಾಫಿ ಲೋಟ ಹಿಡಿದಿದ್ದ ಪ್ರಧಾನಿ ಅಂದು ಒಳ್ಳೆಯ ಲಹರಿಯಲ್ಲಿದ್ದರು. ರಾಜಧಾನಿ ಸೋಫಿಯಾದ ಟಿವಿ ವಾಹಿನಿಯೊಂದರ ವರದಿಗಾರ್ತಿ ರಾಲಿತ್ಸಾ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಸಣ್ಣ ಊರುಗಳ ಹೆರಿಗೆ ವಾರ್ಡು ಮುಚ್ಚುವ ವಿಷಯ ಕೇಳಿಯೇ ತೀರುತ್ತೇನೆಂದು ತಂಗಿಗೆ ಮಾತು ಕೊಟ್ಟಿದ್ದಳು. ತಂಗಿ ನೇದ್ಯಾಲ್ಕಾ ಡ್ಯಾನ್ಯೂಬ್ ನದಿ ದಂಡೆಯ ಹುಟ್ಟೂರಿನಲ್ಲಿದ್ದಳು; ಏಳು ತಿಂಗಳ ಬಸುರಿ.

"ವಾರ್ಡು ಮುಚ್ಚಿದ್ರೆ ನಮ್ಮ ಕಡೆ ಹೆಣ್ಮಕ್ಳು ಹೆರಿಗೆಗೆ ಎಲ್ಲಿಗೆ ಹೋಗ್ಬೇಕು ಸರ್?"

"ಯಾವುದಮ್ಮ ರಾಲಿತ್ಸಾ ನಿಮ್ಮ ಕಡೆ?"

ಅವಳು ಊರಿನ ಹೆಸರು ಹೇಳಿದಳು.

"ಅಲ್ಲೀಗ ಮರಿ ಮಾಡೋದು ಕೊಕ್ಕರೆಗಳು ಮಾತ್ರ ಅಂತಾರೆ. ಅವಕ್ಕೆ ಗೂಡು ಕಟ್ಟೋಕೆ ಕರೆಂಟ್ ಕಂಬದ ತುದಿ ಸಾಕಲ್ವಾ?"

ಎಲ್ಲರೂ ನಕ್ಕರು. ಮೊದಲು ನಕ್ಕವಳು ರಾಲಿತ್ಸಾ. ಹಿಮ ಬಿದ್ದ ರಸ್ತೆ, ಇಡೀ ಊರಿಗೆ ಒಂದೇ ಆಂಬುಲೆನ್ಸ್ ಎಂಬ ಮುಂದಿನ ಪ್ರಶ್ನೆ ಕೇಳದೆಯೇ ಉಳಿಯಿತು. ಅಷ್ಟರಲ್ಲಿ ಪ್ರಧಾನಿ ಕಾರು ಹತ್ತಿದ್ದರು.

ಸಂಜೆ ಎಲ್ಲ ವಾಹಿನಿಗಳಲ್ಲೂ ಅದೇ. ಮೈಕು ಅವಳ ಬಾಯಿಗೇ ಹತ್ತಿರವಿದ್ದುದರಿಂದ ಅವಳ ನಗುವೇ ಜೋರಾಗಿ ಕೇಳುತ್ತಿತ್ತು. ಅಮ್ಮ ಫೋನು ಮಾಡಿದಳು. "ನೋಡಿದ್ವಿ ಕಣೆ. ನೇದ್ಯಾಲ್ಕಾ ಎದ್ದು ಹೋಗಿ ಮಲಗಿಬಿಟ್ಲು."

ಶನಿವಾರ ರಾಲಿತ್ಸಾ ಊರಿಗೆ ಹೋದಳು. ಬಸ್ಸಿಳಿದು ಬ್ರೆಡ್ಡಿನಂಗಡಿಗೆ ಹೊಕ್ಕರೆ, ಅವಳನ್ನು ಎತ್ತಿ ಆಡಿಸಿದ್ದ ಸ್ತೊಯ್ನಾ ಅಜ್ಜಿ, "ಕೊಕ್ಕರೆ ನೋಡೋಕೆ ಬಂದ್ಯಾ ಮಗಳೇ?" ಎಂದಳು. ರಾಲಿತ್ಸಾಗೆ ಮುಖಕ್ಕೆ ಹೊಡೆದಂತಾಯಿತು.

ತಂಗಿ ಅಡುಗೆಮನೆಯಲ್ಲಿ ಸುಟ್ಟ ದಪ್ಪ ಮೆಣಸಿನಕಾಯಿಯ ಸಿಪ್ಪೆ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಂಗೆ ನಿಜವಾಗ್ಲೂ ನಗು ಬಂತಾ ಅಕ್ಕ?"

"ಇಲ್ಲ."

"ಮತ್ಯಾಕೆ ನಕ್ಕೆ?"

ನೌಕರಿ, ಎಲ್ಲರೂ ನಗುತ್ತಾರೆ ಎಂದೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಸಬೂಬುಗಳನ್ನೆಲ್ಲ ಬಿಟ್ಟು ರಾಲಿತ್ಸಾ ಇದ್ದುದನ್ನೇ ಹೇಳಿದಳು.

"ಎಲ್ಲರೆದುರು ನನ್ನ ಹೆಸರು ಹಿಡಿದು ಕರೆದ್ರು ಕಣೆ. ಖುಷಿಯಾಗಿಬಿಡ್ತು."

"ಹೆಸರು ಹಿಡಿದು ಕರೆದ್ರೆ ನಮ್ಮ ನಾಯೀನೂ ಬಾಲ ಆಡಿಸುತ್ತೆ," ಎಂದಳು ನೇದ್ಯಾಲ್ಕಾ. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ರಾಲಿತ್ಸಾಗೆ.

ಮುಂದಿನ ವಾರ ಅದೇ ಮೆಟ್ಟಿಲ ಮೇಲೆ ಅವಳು ಆಂಬುಲೆನ್ಸಿನ ಪ್ರಶ್ನೆ ಕೇಳಿದಳು.

"ನಮ್ಮ ರಾಲಿತ್ಸಾ ಇವತ್ತು ಯಾಕೋ ಮುನಿಸ್ಕೊಂಡಿದಾಳೆ," ಎಂದರು ಪ್ರಧಾನಿ. ಮತ್ತೆ ನಗು. ಅವಳೊಬ್ಬಳು ನಗದೆ ಅದನ್ನೇ ಇನ್ನೊಮ್ಮೆ ಕೇಳಿದಳು. ಅವರು ಬೇರೊಬ್ಬನ ಕಡೆ ತಿರುಗಿದರು. ಆ ತುಣುಕನ್ನು ಅವಳ ವಾಹಿನಿ ತೋರಿಸಲಿಲ್ಲ.

ತಿಂಗಳ ಕೊನೆಗೆ ವಾರ್ಡಿಗೆ ಬೀಗ ಬಿತ್ತು. ದಿನ ತುಂಬಿದಾಗ, ಜಿಲ್ಲಾಸ್ಪತ್ರೆ ಮುಟ್ಟುವ ಮೊದಲೇ, ರಸ್ತೆ ಬದಿಯಲ್ಲಿ ನಿಲ್ಲಿಸಿದ ಆಂಬುಲೆನ್ಸಿನಲ್ಲಿ ನೇದ್ಯಾಲ್ಕಾಗೆ ಹೆರಿಗೆಯಾಯಿತು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಉಳಿದರು.

ನೋಡಲು ಬಂದ ಅಕ್ಕನ ಕೈಗೆ ನೇದ್ಯಾಲ್ಕಾ ತಾನಾಗಿಯೇ ಮಗುವನ್ನು ಕೊಟ್ಟಳು. ಅಮ್ಮ ಒಳಗಿನಿಂದಲೇ, "ಆಂಬುಲೆನ್ಸ್ ವಿಷ್ಯ ಆಮೇಲೆ ಕೇಳ್ದೆ ಅಂದ್ಯಲ್ಲ, ಟಿವೀಲಿ ಬರ್ಲೇ ಇಲ್ವಲ್ಲೇ?" ಎಂದಳು.

ರಾಲಿತ್ಸಾ ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು: "ಕೇಳಿದ್ಲಂತಮ್ಮ. ಬಿಡು."

ತಂಗಿ ನಂಬಿದಳೋ, ಬರೀ ಕನಿಕರವೋ, ತಿಳಿಯಲಿಲ್ಲ. ರಾಲಿತ್ಸಾ ಮಗುವಿನ ಹೊದಿಕೆ ಸರಿಪಡಿಸುವ ನೆಪದಲ್ಲಿ ತಲೆ ತಗ್ಗಿಸಿಯೇ ಕೂತಿದ್ದಳು.